ಒಂದು ಬುತ್ತಿ ಹೆಚ್ಚು

ಮೊನ್ನೆ ಕಾಲುವೆ ದಂಡೆಯಲ್ಲಿ ಗಾಡಿ ನಿಲ್ಲಿಸಿಕೊಂಡು ತೊಳೆಯುತ್ತಿದ್ದೆ. ಹಿಂದಿನ ಸೀಟಿಗೆ ನೀರು ಹೊಡೆದದ್ದೇ ಕೊಬ್ಬರಿ ಎಣ್ಣೆಯ ವಾಸನೆ ಎದ್ದಿತು. ಅವ್ವ ತಲೆ ಆನಿಸಿ ಕೂರುತ್ತಿದ್ದ ಮೂಲೆಯಲ್ಲಿ ರೆಕ್ಸಿನ್ ಮೇಲೆ ಅಂಗೈಯಗಲದ ಒಂದು ಕಲೆ ಇದೆ. ಸೋಪಿನ ಪುಡಿ ಹಾಕಿ ತಿಕ್ಕಿದೆ. ಹೋಗಲಿಲ್ಲ. ಆಮೇಲೆ ಹೋಗುವುದೂ ಬೇಡ ಅನ್ನಿಸಿ ಚಿಂದಿ ಹಿಂಡಿಟ್ಟು ಕೂತೆ. ಆ ಕಲೆ ಹೋದ ಚಳಿಗಾಲದ್ದು. ನನ್ನ ಹೆಂಡತಿಯ ಮೇಲೆ ನಾನು ಕಳ್ಳರನ್ನು ಕಾಯುವವನ ಹಾಗೆ ಕಣ್ಣಿಟ್ಟಿದ್ದ ಚಳಿಗಾಲ.

ನಮ್ಮದು ಸಿಂಧನೂರು. ನನಗೆ ಶಾಲೆ ಏಳನೆಯ ತರಗತಿಗೆ ಮುಗಿಯಿತು. ಈಗ ಟಂಟಂ ಓಡಿಸುತ್ತೇನೆ, ಎದುರುಬದುರು ಸೀಟು ಇರುವ ಮೂರು ಚಕ್ರದ ಗಾಡಿ. ನಾಟಿ, ಕೊಯ್ಲಿನ ಕಾಲದಲ್ಲಿ ಕೂಲಿ ಹೆಣ್ಣುಮಕ್ಕಳನ್ನು ಜವಳಗೇರಾ ಕಡೆಯ ಗದ್ದೆಗಳಿಗೆ ಬಿಟ್ಟು ಸಂಜೆ ಕರೆದುಕೊಂಡು ಬರುವುದು ನನ್ನ ಕೆಲಸ. ಆ ವರ್ಷ ಎರಡನೆಯ ಬೆಳೆಗೆ ಕಾಲುವೆಯ ನೀರು ಬರಲಿಲ್ಲ. ಗದ್ದೆಗಳೆಲ್ಲ ಕೂಳೆ ನಿಂತು ಬಿಳಿಚಿಕೊಂಡಿದ್ದವು. ಹೆಣ್ಣುಮಕ್ಕಳು ಹತ್ತಿ ಬಿಡಿಸಲು ಮಸ್ಕಿ ಕಡೆಯ ಎರೆ ಹೊಲಗಳಿಗೆ ಹೊರಟರು, ನಾನೂ ಗಾಡಿಯನ್ನು ಆ ಕಡೆಗೆ ತಿರುಗಿಸಿದೆ. ಐತವಾರ ಅವರು ಮನೆಯಲ್ಲಿ ಬಟ್ಟೆ ಒಗೆದುಕೊಂಡು ಇರುತ್ತಿದ್ದರು. ಹಾಗಾಗಿ ಐತವಾರ ನನಗೂ ಕೆಲಸವಿಲ್ಲ.

ಅಂಥದೊಂದು ಐತವಾರದ ಹಿಂದಿನ ದಿನ ನನ್ನ ಹೆಂಡತಿ ಹುಲಿಗೆಮ್ಮ ಊಟಕ್ಕೆ ನೀಡುತ್ತ, "ಕೂಲಿಯವರನ್ನ ಊರೂರು ಒಯ್ತೀರಿ. ಮನ್ಯಾಗಿನವರನ್ನೂ ಒಂದಿನ ಒಯ್ರಿ. ಅತ್ತಿಯವರಿಗೆ ನಾಕು ಊರು ತೋರಸೋಣು" ಅಂದಳು. ಅವ್ವ ಗೋಡೆಗೆ ಒರಗಿ ಕೂತಿದ್ದಳು. ಬೇಡ ಎನ್ನುವ ಮುದುಕಿ ಅಂದು ಬೇಡ ಎನ್ನಲಿಲ್ಲ. ನನಗೆ ಅಲ್ಲೇ ಒಂದು ಹುಳ ಹೊಕ್ಕಿತು. ಹುಲಿಗೆಮ್ಮ ನನ್ನ ಮನೆಗೆ ಬಂದ ಮೇಲೆ ಒಂದು ಸಿನಿಮಾ ಕೂಡ ಕೇಳಿದವಳಲ್ಲ.

ಇಲ್ಲಿ ನನ್ನ ತಂಗಿಯ ಮಾತು ಹೇಳಬೇಕು. ನಾವು ಹೆಣ್ಣು ಕೊಟ್ಟು ಹೆಣ್ಣು ತಂದವರು. ಹುಲಿಗೆಮ್ಮನನ್ನು ನಾನು ಮಾಡಿಕೊಂಡೆ, ಅವಳ ಅಣ್ಣ ದುರುಗಪ್ಪನಿಗೆ ನನ್ನ ತಂಗಿ ನಾಗಮ್ಮನನ್ನು ಕೊಟ್ಟೆವು. ಒಂದೇ ಹಂದರದಲ್ಲಿ ಎರಡೂ ಅಕ್ಷತೆ ಬಿದ್ದವು. ಖರ್ಚು ಉಳಿಯಿತೆಂದು ಹಿರಿಯರು ಹಿಗ್ಗಿದರು. ಆದರೆ ಇಂಥ ಸಂಬಂಧದಲ್ಲಿ ಒಂದು ಕಡೆ ಹರಿದರೆ ಇನ್ನೊಂದು ಕಡೆಯೂ ಹರಿಯುತ್ತದೆ. ಅವರ ಮನೆಯಿಂದ ನಮ್ಮ ಹುಡುಗಿ ಹೊರಬಿದ್ದರೆ, ಅವರು ಬಂದು ತಮ್ಮ ಹುಡುಗಿಯನ್ನು ಕರೆದೊಯ್ಯುತ್ತಾರೆ.

ದುರುಗಪ್ಪ ಕುಡಿದು ಕೈ ಮಾಡುತ್ತಿದ್ದ. ಎರಡು ಸಲ ತಂಗಿಯನ್ನು ನಾನೇ ಸಮಾಧಾನ ಹೇಳಿ ತಿರುಗಿ ಬಿಟ್ಟು ಬಂದಿದ್ದೆ. ಮೂರನೆಯ ಸಲ ಅವಳು ಒಂದು ಚೀಲ ಹಿಡಿದು ಉರಿಬಿಸಿಲಲ್ಲಿ ನಮ್ಮ ಬಾಗಿಲಿಗೆ ಬಂದಳು. ತುಟಿ ಒಡೆದಿತ್ತು. ನಾನು ಚೌಕಟ್ಟಿಗೆ ಕೈ ಇಟ್ಟು ನಿಂತೆ. "ನೀ ಒಳಗ ಬಂದ್ರ ಅಕಿ ಹೊರಗ ಹೋಗಬೇಕಾಕೈತಿ" ಅಂದೆ. ಒಳಗೆ ಹುಲಿಗೆಮ್ಮ ಒಲೆಯ ಮುಂದೆ ಇದ್ದಳು, ನಮ್ಮ ಮಗಳು ಕಾವೇರಿ ಇನ್ನೂ ತೊಟ್ಟಿಲಲ್ಲಿದ್ದಳು. ನಾಗಮ್ಮ ಒಂದು ಚೊಂಬು ನೀರು ಕೇಳಿ ಕುಡಿದು ಹೋದಳು. ಗಂಡನ ಮನೆಗೆ ಹೋಗಲಿಲ್ಲ ಎಂದು ಆಮೇಲೆ ತಿಳಿಯಿತು. ಪುಣೆಗೆ ದುಡಿಯಲು ಹೋದವರ ಗುಂಪಿನಲ್ಲಿ ಹೋದಳೆಂದು ಯಾರೋ ಅಂದರು. ನಾನು ಅದನ್ನೇ ನಂಬಿಕೊಂಡೆ. ಪುಣೆ ದೂರವಿತ್ತು, ಹುಡುಕಲು ಹೋಗುವ ಕೆಲಸವಿರಲಿಲ್ಲ. ದುರುಗಪ್ಪನಿಗೂ ನಮಗೂ ಮಾತು ನಿಂತಿತು. ಅವ್ವ ನನ್ನ ಮುಂದೆ ಮಗಳ ಹೆಸರು ಎತ್ತುವುದನ್ನು ಬಿಟ್ಟಳು.

ಮೊದಲ ಐತವಾರ ಮಸ್ಕಿಗೆ ಹೋದೆವು. ಹುಲಿಗೆಮ್ಮ ಕೋಳಿ ಕೂಗುವ ಮೊದಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ಬದನೆಕಾಯಿ ಎಣ್ಣೆಗಾಯಿ ಮಾಡಿ, ಶೇಂಗಾ ಹಿಂಡಿ ಕುಟ್ಟಿ ಬುತ್ತಿ ಕಟ್ಟಿದ್ದಳು. ಗಾಡಿಗೆ ಇಡುವಾಗ ನೋಡಿದೆ, ನಮ್ಮ ದೊಡ್ಡ ಬುತ್ತಿಯ ಪಕ್ಕದಲ್ಲಿ ಹಸಿರು ಅಂಚಿನ ಬಟ್ಟೆಯಲ್ಲಿ ಇನ್ನೊಂದು ಸಣ್ಣದು. ಯಾರಿಗೆ ಅಂತ ಕೇಳಿದೆ. ದಾರಿಯಲ್ಲಿ ಯಾರಾದರೂ ಹಸಿದವರು ಸಿಗುತ್ತಾರೆ ಅಂದಳು. ಅಷ್ಟು ಧರ್ಮ ಅವಳಿಗೆ ಯಾವಾಗ ಬಂತೋ.

ಮಸ್ಕಿಯ ಗುಡ್ಡದ ಬುಡದಲ್ಲಿ ಅವ್ವ ಮೊಣಕಾಲು ಹಿಡಿದು ಕೂತುಬಿಟ್ಟಳು. ತಾನು ಅತ್ತೆಯ ಜೊತೆ ಇರುತ್ತೇನೆ, ಮಕ್ಕಳನ್ನು ನೀವು ಕರೆದೊಯ್ಯಿರಿ ಎಂದು ಹುಲಿಗೆಮ್ಮ ಅಂದಳು. ನಾನು ಕಾವೇರಿಯನ್ನೂ ಸಣ್ಣ ಮಗನನ್ನೂ ಕರೆದುಕೊಂಡು ಅಶೋಕನ ಶಾಸನ ತೋರಿಸಿದೆ. ಬಂಡೆಯ ಮೇಲಿನ ಗೀಚು ನೋಡಿ ಕಾವೇರಿ, "ಅಪ್ಪಾ, ನಿನ್ನ ಅಕ್ಷರದಂಗ ಐತಿ" ಅಂದಳು. ಮೇಲೆ ಹತ್ತಿ ಗುಡಿಗೂ ಕೈಮುಗಿದು ಇಳಿದು ಬರುವಾಗ ಹೊತ್ತು ನೆತ್ತಿ ದಾಟಿತ್ತು. ಊಟಕ್ಕೆ ಕೂತಾಗ ಹಸಿರು ಅಂಚಿನ ಬುತ್ತಿ ಇರಲಿಲ್ಲ. ಯಾರೋ ಮುದುಕಿ ಬಂದಿದ್ದಳು, ಕೊಟ್ಟೆವು ಅಂದರು. ಬಟ್ಟೆಯನ್ನೂ ಕೊಟ್ಟಿರಾ ಅಂದೆ. ಹುಲಿಗೆಮ್ಮ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಅವ್ವನ ತಲೆ ನೋಡಿದೆ. ಅವಳ ಬಲಗೈ ಹೆಗಲಿಂದ ಮೇಲಕ್ಕೆ ಏಳದು, ವರ್ಷಗಳಾದವು. ಬೆಳಿಗ್ಗೆ ಹುಲಿಗೆಮ್ಮ ಅವಳ ಕೂದಲನ್ನು ಹಾಗೇ ಸುತ್ತಿ ಗಂಟು ಹಾಕಿಬಿಡುತ್ತಾಳೆ. ಈಗ ಎಣ್ಣೆ ಹಚ್ಚಿ, ನೀಟಾಗಿ ಬೈತಲೆ ತೆಗೆದು, ಜಡೆ ಹೆಣೆದು, ಆ ಜಡೆಯನ್ನೇ ಸುತ್ತಿ ಕಟ್ಟಿದ ತುರುಬು ಇತ್ತು. ಯಾರು ಬಾಚಿದರು ಅಂದರೆ ಅವ್ವ ಕಣ್ಣು ತಪ್ಪಿಸಿ, "ನಾನ ಬಾಚಿಕೊಂಡ್ನೆಪಾ" ಅಂದಳು. ಆ ಕೈಯಿಂದ.

ಅಂದಿನಿಂದ ಪ್ರತಿ ಮಾತನ್ನೂ ಎರಡೆರಡು ಸಲ ತಿರುವಿ ನೋಡತೊಡಗಿದೆ. ಸಿಂಧನೂರಿನ ನಮ್ಮ ಮನೆ ಅವ್ವನ ಹೆಸರಿನಲ್ಲಿದೆ. ಹುಲಿಗೆಮ್ಮ ಅತ್ತೆಯನ್ನು ಹೀಗೆ ಓಲೈಸುವುದು ಹೆಬ್ಬೆಟ್ಟು ಒತ್ತಿಸಿಕೊಳ್ಳಲಿಕ್ಕೋ? ದುರುಗಪ್ಪನ ಊರು ಮಸ್ಕಿಯಿಂದ ಕೂಗಳತೆ. ಅಣ್ಣ ತಂಗಿ ಮತ್ತೆ ಒಂದಾಗಿರಬೇಕು. ಮೊದಲು ಮನೆ ಬರೆಸಿಕೊಂಡು, ಆಮೇಲೆ ದುರುಗಪ್ಪ ತನ್ನ ತಂಗಿಯನ್ನು ಕರೆದುಕೊಂಡು ಹೋಗುವ ಲೆಕ್ಕ. ಶನಿವಾರ ಸಂಜೆಯಾದರೆ ಅವಳ ಫೋನು ಬಡಿದುಕೊಳ್ಳುತ್ತಿತ್ತು. ಪರದೆಯ ಮೇಲೆ "ಬಳಿ ಅಂಗಡಿ" ಎಂದು ಬರುತ್ತಿತ್ತು. ವಾರವಾರ ಗಿರಾಕಿಗೆ ತಾನೇ ಫೋನು ಮಾಡುವ ಬಳೆಗಾರ ಯಾರು? ಅವಳು ಹಿತ್ತಲಿಗೆ ಹೋಗಿ ಮಾತಾಡಿ ಬರುತ್ತಿದ್ದಳು. ನಾನು ಬಚ್ಚಲ ಗೋಡೆಯ ಆಚೆ ನಿಂತು ಕಿವಿಗೊಟ್ಟಿದ್ದೂ ಉಂಟು. ಕೇಳಿದ್ದು ಊರಿನ ಹೆಸರು ಮಾತ್ರ: ಈ ಸಲ ಹಟ್ಟಿಯಂತೆ.

ಹಟ್ಟಿಗೆ ಹೋಗಲು ಲಿಂಗಸುಗೂರು ಮುಟ್ಟಿದ್ದೇ ಅವ್ವನಿಗೆ ಹೊಟ್ಟೆ ತೊಳೆಸತೊಡಗಿತು. ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಇಳಿದುಕೊಂಡರು. ಮಕ್ಕಳಿಗೆ ಚಿನ್ನ ನೋಡುವ ಆಸೆ. ಹಟ್ಟಿಯಲ್ಲಿ ನಮಗೆ ಕಂಡದ್ದು ಗೇಟು, ದೂರದಲ್ಲಿ ತಿರುಗುವ ಗಾಲಿ, ಪಾಳಿ ಮುಗಿಸಿ ಡಬ್ಬಿ ಹಿಡಿದು ಹೊರಬರುತ್ತಿದ್ದ ಜನ. ಕಾವೇರಿ ಒಬ್ಬ ಹಿರಿಯನನ್ನು ತಡೆದು, ಚಿನ್ನ ಎಲ್ಲಿ ಅಂದಳು. ಅವನು ತನ್ನ ಡಬ್ಬಿ ಅಲ್ಲಾಡಿಸಿ, "ಮುಂಜಾನೆ ಮುದ್ದಿ ಪಲ್ಲೆ ಇತ್ತವ್ವಾ, ಈಗ ಅದೂ ಇಲ್ಲ" ಅಂದು ನಗಿಸಿದ. ಅವಳು ರಸ್ತೆ ಬದಿಯ ಒಂದು ಹೊಳೆಯುವ ಕಲ್ಲು ಎತ್ತಿಕೊಂಡಳು. ನನ್ನ ಮನಸ್ಸು ಲಿಂಗಸುಗೂರಿನಲ್ಲೇ ಇತ್ತು. ಬೇಗ ಗಾಡಿ ತಿರುಗಿಸಿದೆ.

ಬಸ್ ಸ್ಟ್ಯಾಂಡಿನಲ್ಲಿ ಅವರಿರಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂದಿನ ಓಣಿಯಿಂದ ಬಂದರು. ಹೊಟ್ಟೆ ತೊಳೆಸಿದ ಅವ್ವ ಮೊಮ್ಮಗಳ ಹಾಗೆ ನಡೆಯುತ್ತಿದ್ದಳು. ತಲೆಯಲ್ಲಿ ಅದೇ ಜಡೆಯ ತುರುಬು. ಹುಲಿಗೆಮ್ಮನ ಕೈಯಲ್ಲಿ ಹಸಿರು ಅಂಚಿನ ಬಟ್ಟೆ, ತೊಳೆದು ಮಡಚಿದ್ದು. ಅಂದರೆ ಹೋದ ವಾರದ್ದು ತಿರುಗಿ ಬಂದಿದೆ. ಎಲ್ಲಿ ಹೋಗಿದ್ದಿರಿ ಅಂದೆ. ಬಳೆ ಇಡಿಸಿಕೊಳ್ಳಲು ಹೋಗಿದ್ದೆವು ಅಂದಳು ಹುಲಿಗೆಮ್ಮ. ಅವಳ ಮುಂಗೈ ನೋಡಿದೆ. ಬೆಳಿಗ್ಗೆಯ ಬಳೆಗಳೇ.

ಮನೆಗೆ ಬರುವವರೆಗೆ ಕನ್ನಡಿಯಲ್ಲಿ ಅವರಿಬ್ಬರನ್ನೇ ನೋಡುತ್ತ ಗಾಡಿ ಓಡಿಸಿದೆ. ಮಸ್ಕಿ ದಾಟಿದ ಮೇಲೆ ಒಂದು ಎಮ್ಮೆಗೆ ತಾಗಿಸುವುದು ಸ್ವಲ್ಪದರಲ್ಲಿ ತಪ್ಪಿತು.

ಮೂರನೆಯದು ಮುದಗಲ್ಲು. ಕೋಟೆಯ ಕಂದಕದ ಹತ್ತಿರ ಬೇವಿನ ಮರದ ಕೆಳಗೆ ಅವ್ವನನ್ನು ಕೂರಿಸಿ, ಎಂದಿನಂತೆ ನಮ್ಮನ್ನು ಕಳಿಸಿದರು. ಈ ಸಲ ನಾನು ತಯಾರಾಗಿ ಬಂದಿದ್ದೆ. ಕೋಟೆ ಬಾಗಿಲ ಬಳಿ ಕಬ್ಬಿನ ಹಾಲಿನವನ ಬೆಂಚಿನ ಮೇಲೆ ಮಕ್ಕಳನ್ನು ಕೂರಿಸಿ, ಒಂದೊಂದು ಗ್ಲಾಸು ಕೊಡಿಸಿ, ಸ್ವಲ್ಪ ನೋಡಿಕೊಳ್ಳಪ್ಪ ಎಂದು ಅವನಿಗೆ ಹೇಳಿ, ಗೋಡೆಯ ಪಕ್ಕದಿಂದ ಸುತ್ತಿ ಬಂದೆ. ಬಿದ್ದ ಕಲ್ಲುಗಳ ಹಿಂದೆ ಕುಕ್ಕರಗಾಲಲ್ಲಿ ಕೂತೆ. ದುರುಗಪ್ಪ ಬಂದರೆ ಅವನ ಕೊರಳಪಟ್ಟಿ ಹಿಡಿಯುವುದು ಎಂದು ಅಂದುಕೊಂಡಿದ್ದೆ.

ಬೇವಿನ ಕೆಳಗೆ ಮೂವರು ಹೆಂಗಸರಿದ್ದರು. ಅವ್ವ ಕಾಲು ಚಾಚಿ ಕೂತಿದ್ದಳು. ಅವಳ ಬೆನ್ನಿಗೆ ನಾಗಮ್ಮ ಮಂಡಿಯೂರಿ ತಲೆ ಬಾಚುತ್ತಿದ್ದಳು. ಹುಲಿಗೆಮ್ಮ ಹಸಿರು ಅಂಚಿನ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಎಣ್ಣೆಗಾಯಿ ಹಚ್ಚಿ ನಾಗಮ್ಮನ ಬಾಯಿಗೆ ಇಡುತ್ತಿದ್ದಳು, ಅವಳ ಕೈ ಎಣ್ಣೆಯಾಗಿತ್ತಲ್ಲ. ಸಣ್ಣವಳಿದ್ದಾಗಿಂದ ಅವ್ವನ ತಲೆ ನಾಗಮ್ಮನದೇ ಪಾಲು. ಜಡೆ ಹೆಣೆದು ತುರುಬು ಸುತ್ತುವುದು ನಮ್ಮ ಮನೆಯಲ್ಲಿ ಅವಳೊಬ್ಬಳಿಗೇ ಬರುತ್ತಿತ್ತು. ಅದನ್ನು ಎರಡು ಐತವಾರ ಕಣ್ಣಾರೆ ಕಂಡೂ ನನಗೆ ತಿಳಿದಿರಲಿಲ್ಲ. ತಿಳಿಯದ್ದೋ, ತಿಳಿದುಕೊಳ್ಳದ್ದೋ, ಈಗ ಹೇಳಲಾರೆ.

ಅವರ ಮಾತು ಕೇಳುತ್ತ ತಿಳಿಯಿತು, ಲಿಂಗಸುಗೂರಿನ ಒಂದು ಖಾನಾವಳಿಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಅವ್ವನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು, ನಾಗಮ್ಮ ನನ್ನ ಬಾಗಿಲಿಗೆ ಬರುವ ಹಾಗಿಲ್ಲ. ತಾಯಿ ಮಗಳು ಭೆಟ್ಟಿಯಾಗಲು ಉಳಿದದ್ದು ನನ್ನ ಗಾಡಿ ಒಂದೇ. ಅದಕ್ಕೇ ಮಸ್ಕಿ, ಅದಕ್ಕೇ ಹಟ್ಟಿ, ಅದಕ್ಕೇ ಈ ಕೋಟೆ. ಎಲ್ಲವನ್ನೂ ಹೂಡಿದವಳು ದುರುಗಪ್ಪನ ಒಡಹುಟ್ಟಿದವಳೇ.

ಅಷ್ಟು ತಿಳಿದ ಮೇಲೆ ಎದ್ದು ಹೋಗಬಹುದಿತ್ತು. ಏಳಲು ನೆಲಕ್ಕೆ ಕೈ ಊರಿದ್ದೆ ಕೂಡ. ಆಗ ನಾಗಮ್ಮ ಬಾಚಣಿಗೆಯನ್ನು ಅವ್ವನ ಕೂದಲಲ್ಲೇ ಸಿಕ್ಕಿಸಿ ಎದ್ದು ನಿಂತಳು. ಒಂದು ಕೈಯನ್ನು ಇಲ್ಲದ ಚೌಕಟ್ಟಿಗೆ ಇಟ್ಟು, ಹೊಟ್ಟೆ ಮುಂದೆ ಮಾಡಿ, ದನಿ ದಪ್ಪ ಮಾಡಿ, "ನೀ ಒಳಗ ಬಂದ್ರ ಅಕಿ ಹೊರಗ ಹೋಗಬೇಕಾಕೈತಿ" ಅಂದಳು. ನಾನೇ ನಿಂತ ಹಾಗಿತ್ತು. ಮೂವರೂ ನಕ್ಕರು. ಹುಲಿಗೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು. ಆ ಆಟ ಅಂದು ಮೊದಲ ಸಲದ್ದಲ್ಲ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಕಡೆಗೆ ಅವ್ವ ಕಣ್ಣೊರೆಸಿಕೊಂಡು, "ಸಾಕು ಬಿಡ್ರೇ. ಅವ ಕೆಟ್ಟವ ಅಲ್ಲ, ಅಂಜುಬುರುಕ" ಅಂದಳು.

ಬೈದಿದ್ದರೆ ಹೋಗುತ್ತಿದ್ದೆನೇನೋ. ಅತ್ತಿದ್ದರೂ ಹೋಗುತ್ತಿದ್ದೆ. ನಗುವಿನ ನಡುವೆ ಹೋಗಿ ನಿಲ್ಲಲು ನನ್ನಿಂದ ಆಗಲಿಲ್ಲ. ಬಂದ ದಾರಿಯಲ್ಲೇ ತಿರುಗಿ, ಮಕ್ಕಳನ್ನು ಎಬ್ಬಿಸಿಕೊಂಡು ಗಾಡಿಗೆ ಹೋಗಿ ಕೂತು ಹಾರ್ನ್ ಹೊಡೆದೆ. ಬಿಡದೆ ಹೊಡೆದೆ. ಅವ್ವ ಅರ್ಧ ಹೆಣೆದ ಜಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ದಾರಿಯುದ್ದಕ್ಕೂ ಆ ಎಣ್ಣೆದಲೆ ಸೀಟಿಗೆ ಆನಿಸಿ ಕಣ್ಣು ಮುಚ್ಚಿದ್ದಳು.

ಮುಂದಿನ ಶನಿವಾರ ಹಸಿರು ಅಂಚಿನ ಬಟ್ಟೆ ಹಿತ್ತಲ ತಂತಿಯ ಮೇಲೆ ಒಣಗುತ್ತಿತ್ತು. ಐತವಾರ ಬೆಳಿಗ್ಗೆ ಅವ್ವ ಮಡಿಕೆ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದಳು. ನಾನು ಅದಕ್ಕೆ ಮೊದಲೇ ಎದ್ದು ಬ್ಯಾಟರಿಯ ಒಂದು ವೈರು ಕಿತ್ತಿದ್ದೆ. ಎಲ್ಲರ ಎದುರು ಕೀಲಿ ತಿರುವಿದೆ. ಗಾಡಿ ಸದ್ದು ಮಾಡಲಿಲ್ಲ. "ಕೆಟ್ಟೈತಿ" ಅಂದೆ. ಅವ್ವ, ಹೋಗಲಿ ಬಿಡು, ದುರಸ್ತಿ ಮಾಡಿಸು ಅಂದಳು. ಸೋಮವಾರ ಅದೇ ಗಾಡಿಯಲ್ಲಿ ಹತ್ತಿ ಬಿಡಿಸುವವರನ್ನು ತುಂಬಿಕೊಂಡು ಹೊರಟೆ. ಅವ್ವ ಕಟ್ಟೆಯ ಮೇಲಿಂದ ನೋಡುತ್ತಿದ್ದಳು.

ಮತ್ತೊಂದು ಐತವಾರ ಮತ್ತೆ ಕೆಟ್ಟಿತು. ಅದರ ಮುಂದಿನದೂ. ಹುಲಿಗೆಮ್ಮ ಒಮ್ಮೆ ಮಾತ್ರ, "ಸೋಮವಾರ ತಾನ ಸುದ್ದ ಆಕೈತೇನ್ರಿ?" ಅಂದು ಕಟ್ಟಿದ ಬುತ್ತಿಯನ್ನು ಬಿಚ್ಚಿ ಮಕ್ಕಳಿಗೆ ನೀಡಿದಳು. ನನಗೆ ಗೊತ್ತಾಗಿದೆ ಎಂದು ಅವಳಿಗೆ ಗೊತ್ತಾಗಿತ್ತು. ಅವಳೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಈ ಐತವಾರ ಕೇಳಿದರೆ ಕರೆದೊಯ್ಯುತ್ತೇನೆ, ಅವರೇ ಬಾಯಿಬಿಟ್ಟು ಕೇಳಲಿ, ಎಂದು ನಾನು ಕಾದೆ. ಅವರು ಯಾಕೆ ಕೇಳಬೇಕು ಎಂದು ಈಗ ಅನ್ನಿಸುತ್ತದೆ. ಅವ್ವ ಶನಿವಾರ ಶನಿವಾರ ಆ ಬಟ್ಟೆ ಒಗೆದು ಹಾಕುತ್ತಲೇ ಇದ್ದಳು. ಬಿಸಿಲು ಏರಿತು, ಹತ್ತಿ ಮುಗಿಯಿತು. ಒಂದು ಶನಿವಾರ ತಂತಿ ಬರಿದಾಗಿತ್ತು. ನೋಡಿ ನನಗೆ ಹಗುರವಾಯಿತು. ಇದನ್ನೂ ಬರೆಯಬೇಕು, ಹಗುರವೇ ಆಯಿತು.

ಯುಗಾದಿ ಮುಗಿದು ಸ್ವಲ್ಪ ದಿನಕ್ಕೆ ಅವ್ವ ಬಚ್ಚಲಲ್ಲಿ ಬಿದ್ದಳು. ಲಕ್ವಾ. ರಾಯಚೂರಿನ ಆಸ್ಪತ್ರೆಯಲ್ಲಿ ತಲೆಯೊಳಗೆ ರಕ್ತ ನಿಂತಿದೆ ಎಂದು ಆಪರೇಶನ್ ಮಾಡಿದರು. ಹುಲಿಗೆಮ್ಮ ನನ್ನ ಎದುರೇ ಫೋನು ತೆಗೆದು "ಬಳಿ ಅಂಗಡಿ" ಒತ್ತಿ, "ನಾಗಮ್ಮ, ಬಾ" ಅಂದಳು. ನನ್ನ ಮುಖ ನೋಡಲಿಲ್ಲ.

ನಾಗಮ್ಮ ಖಾನಾವಳಿಯ ಕೆಲಸದಿಂದ ಹಾಗೇ ಬಂದಿದ್ದಳು. ಮುಂಗೈ ತುಂಬ ರೊಟ್ಟಿ ಹಂಚು ತಾಗಿದ ಸುಟ್ಟ ಕಲೆ, ಸೆರಗಿನಲ್ಲಿ ಹಿಟ್ಟು. ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದಳು. ನಾನು ಪಕ್ಕಕ್ಕೆ ಸರಿದೆ. ಮಂಚದ ಹತ್ತಿರ ಹೋಗಿ ಅವ್ವನ ಕೆನ್ನೆ ಸವರಿ, ಚೀಲದಿಂದ ಎಣ್ಣೆಯ ಸಣ್ಣ ಬಾಟಲಿಯನ್ನೂ ಬಾಚಣಿಗೆಯನ್ನೂ ತೆಗೆದಳು. ಆಮೇಲೆ ಅವ್ವನ ತಲೆಯ ಬಟ್ಟೆ ಸರಿಸಿದಳು. ಬೋಳಿಸಿದ ತಲೆ, ಒಂದು ಪಕ್ಕ ಪಟ್ಟಿ. ಅವ್ವನ ಕಣ್ಣು ತೆರೆದಿದ್ದವು, ಮಾತು ಇರಲಿಲ್ಲ. ಎಡಗೈ ಮಾತ್ರ ಎದ್ದು ಬಾಚಣಿಗೆಯನ್ನು ಹಿಡಿದುಕೊಂಡಿತು. ನಾಗಮ್ಮ ಬಿಡಿಸಿಕೊಳ್ಳಲಿಲ್ಲ. ಬಹಳ ಹೊತ್ತು ಇಬ್ಬರೂ ಅದನ್ನು ಹಿಡಿದುಕೊಂಡೇ ಇದ್ದರು.

ಕತ್ತು ತಿರುಗಿಸದೆ ಅವಳು ಕೇಳಿದಳು. "ಅಣ್ಣಾ, ಗಾಡಿ ಖರೇನ ಕೆಟ್ಟಿತ್ತೇನು? ನಾ ಐತ್ವಾರಕ್ಕೊಮ್ಮೆ ಮಸ್ಕಿಗೆ ಬಂದು ನಿಂದರತಿದ್ನೆ."

ಹುಲಿಗೆಮ್ಮ ಕಿಟಕಿಯ ಬಳಿ ಇದ್ದಳು. ನಾನು ಅವಳನ್ನೂ ನೋಡಿದೆ, ಅವ್ವನನ್ನೂ ನೋಡಿದೆ.

"ಹೂಂನವ್ವಾ. ಕೆಟ್ಟಿತ್ತು."

"ಹಂಗಾದ್ರ ಸರಿ ಬಿಡು" ಅಂದಳು ನಾಗಮ್ಮ.

ಹೊರಗಿನ ಮೊಗಸಾಲೆಯಲ್ಲಿ ಹುಲಿಗೆಮ್ಮ ನನ್ನ ಹಿಂದೆ ಬಂದಳು. ಜಗಳಕ್ಕೆ ಬಂದಿರಲಿಲ್ಲ. ದನಿಯನ್ನೂ ಏರಿಸಲಿಲ್ಲ. "ಅವತ್ತ ನನ್ನ ಹೆಸರ್ಲೆ ಬಾಗಲಾ ಹಾಕಿದ್ರಿ. ಈಗ ಗಾಡಿ ಹೆಸರ್ಲೆ ಹಾಕಿದ್ರಿ. ನಾ ಹೊರಗ ಹೋಗ್ತಿದ್ನೋ ಇಲ್ಲೋ, ಅವತ್ತ ನನ್ನೊಂದು ಮಾತು ಕೇಳಿದ್ರೇನು?" ಅವಳು ಮತ್ತೆ ಆ ಮಾತು ಎತ್ತಿಲ್ಲ.

ಅವ್ವ ಬದುಕಿದಳು. ಬಲಭಾಗ ಬಿದ್ದುಹೋಗಿದೆ, ನಾಲ್ಕಾರು ಮಾತು ತಿರುಗಿ ಬಂದಿವೆ. ನಾಗಮ್ಮನನ್ನು ನಮ್ಮ ಮನೆಗೇ ಬಾ ಎಂದು ಕರೆದೆ. ಬರುತ್ತಾಳೆ, ಇರುವುದಿಲ್ಲ. ಖಾನಾವಳಿಯ ಹಿಂದೆ ಒಂದು ಕೋಣೆ ಹಿಡಿದಿದ್ದಾಳೆ, ಅದರ ಕೀಲಿ ಅವಳ ಸೊಂಟದಲ್ಲೇ ಇರುತ್ತದೆ. ದುರುಗಪ್ಪ ತನ್ನ ತಂಗಿಯನ್ನು ಕರೆದೊಯ್ಯಲು ಬರಲಿಲ್ಲ. ಯಾವತ್ತೂ ಬರುತ್ತಿರಲಿಲ್ಲ ಎಂದು ಹುಲಿಗೆಮ್ಮ ಅನ್ನುತ್ತಾಳೆ. ತನ್ನ ಅಣ್ಣನನ್ನು ಅವಳಿಗೆ ಗೊತ್ತಿರುವಷ್ಟು ನನಗೆ ಗೊತ್ತಿರಲಿಲ್ಲ.

ಈ ಚಳಿಗಾಲ ಮತ್ತೆ ಐತವಾರಗಳು ಶುರುವಾಗಿವೆ. ಅವ್ವನನ್ನು ಎತ್ತಿ ಹಿಂದಿನ ಸೀಟಿನ ಆ ಮೂಲೆಯಲ್ಲೇ ಕೂರಿಸುತ್ತೇನೆ. ಹೋದ ವಾರ ಮಸ್ಕಿಯ ಗುಡ್ಡದ ಬುಡದಲ್ಲಿ ನಿಲ್ಲಿಸಿದ್ದೆವು. ಅವ್ವನ ಕೂದಲು ಕಿವಿ ಮುಚ್ಚುವಷ್ಟು ಬೆಳೆದಿದೆ. ಪೂರಾ ಬೆಳ್ಳಗೆ. ಜಡೆಗೆ ಸಾಲದು. ನಾಗಮ್ಮ ಅದಕ್ಕೇ ಎಣ್ಣೆ ಹಚ್ಚಿ, ಬೈತಲೆ ತೆಗೆದು, ಎರಡು ಪಕ್ಕ ಪಿನ್ನು ಸಿಕ್ಕಿಸಿದಳು. ಶಾಲೆಗೆ ಹೋಗುವ ಹುಡುಗಿ ಎಂದು ಕಾವೇರಿ ನಕ್ಕಳು, ಅವ್ವ ಅರ್ಧ ಬಾಯಿಯಲ್ಲಿ ನಕ್ಕಳು. ನಾನು ಈಗ ಗುಡ್ಡ ಹತ್ತುವುದಿಲ್ಲ. ಗಾಡಿಯ ನೆರಳಲ್ಲಿ ಕೂತಿರುತ್ತೇನೆ.

ಹೆಚ್ಚಿನ ಬುತ್ತಿ ಈಗ ನಾಗಮ್ಮ ತರುತ್ತಾಳೆ, ಅದೇ ಹಸಿರು ಅಂಚಿನ ಬಟ್ಟೆಯಲ್ಲಿ, ನನಗೆ. ಖಾನಾವಳಿಯ ತೆಳ್ಳನೆಯ ಜೋಳದ ರೊಟ್ಟಿ. ನಾನು ತಿನ್ನುವವರೆಗೆ ಎದುರಿಗೇ ನಿಂತಿರುತ್ತಾಳೆ. ಪ್ರತಿ ಸಲ ಹೊರಡುವ ಹೊತ್ತಿಗೆ ಟಾಯರಿನ ಮೇಲೆ ಕೈ ಇಟ್ಟು ಒಂದೇ ಮಾತು ಕೇಳುತ್ತಾಳೆ.

"ಗಾಡಿ ಸುದ್ದ ಐತಲ್ಲಣ್ಣಾ?"

ಅವಳು ಕಾಳಜಿಯಿಂದ ಕೇಳುತ್ತಾಳೋ, ಎಲ್ಲ ತಿಳಿದು ಕೇಳುತ್ತಾಳೋ, ಗೊತ್ತಿಲ್ಲ. ನಾನು ಓಡಿಸುವ ದಾರಿಯಲ್ಲೇ ಅವಳ ಖಾನಾವಳಿಗೆ ಬರುವ ಜನರೂ ಓಡಾಡುತ್ತಾರೆ. ಹತ್ತಿ ಬಿಡಿಸುವ ಹೆಣ್ಣುಮಕ್ಕಳ ಬಾಯಿ ಸುಮ್ಮನಿರುವಂಥದಲ್ಲ. ಅವಳ ಮುಖ ನೋಡುತ್ತೇನೆ, ಹುಲಿಗೆಮ್ಮನ ಮುಖ ನೋಡುತ್ತೇನೆ. ಎರಡರಲ್ಲೂ ಏನೂ ಸಿಗುವುದಿಲ್ಲ.

"ಐತವ್ವಾ, ಸುದ್ದ ಐತಿ" ಅನ್ನುತ್ತೇನೆ. ಅವತ್ತೂ ಸುದ್ದ ಇತ್ತು ಎಂಬುದು ನಾಲಿಗೆಯ ತುದಿಗೆ ಬಂದು ಕೂರುತ್ತದೆ. ಅವಳು ಇನ್ನೂ ನಿಂತೇ ಇರುತ್ತಾಳೆ. ನಾನು ಕೀಲಿ ತಿರುವುತ್ತೇನೆ. ಗಾಡಿ ಒಂದೇ ಏಟಿಗೆ ಶುರುವಾಗುತ್ತದೆ.